ಕೈಗೆಲಸವೂ ಕರ್ತನ ಧ್ಯಾನವೂ

ದೇವಾಲಯದಲ್ಲಿ ಕುಳಿತು ಕಣ್ಣು ಮುಚ್ಚಿಕೊಂಡಾಗ ಮಾತ್ರ ದೇವರನ್ನು ನೆನೆಯಬಹುದೆಂದೂ, ಉಳಿದ ಹೊತ್ತಿನ ದುಡಿಮೆಯೆಲ್ಲ ಬರಿಯ ಹೊಟ್ಟೆಪಾಡೆಂದೂ ತಿಳಿಯುವವರು ನಮ್ಮಲ್ಲಿ ಬಹು ಮಂದಿ ಇದ್ದಾರೆ. ವಾರದಲ್ಲಿ ಒಂದೆರಡು ತಾಸು ದೇವರಿಗೆ, ಮಿಕ್ಕದ್ದೆಲ್ಲ ಒಲೆಗೆ, ಮಗ್ಗಕ್ಕೆ, ಹೊಲಕ್ಕೆ ಎಂದು ಅವರು ಲೆಕ್ಕ ಹಾಕುತ್ತಾರೆ. ಈ ಲೆಕ್ಕವು ಸರಿಯಾಗಿದ್ದರೆ ದುಡಿಯುವ ಹೆಂಗಸಿನ ಆಯುಷ್ಯದ ಬಹುಭಾಗವು ದೇವರಿಲ್ಲದೆಯೇ ಕಳೆದುಹೋಗುವದೆಂದು ಹೇಳಬೇಕಾಗುವದು. ಸತ್ಯವೇದವು ಹಾಗೆ ಹೇಳುವದಿಲ್ಲ. ಕೈಯು ಕೆಲಸದಲ್ಲಿರುವಾಗ ಮನಸ್ಸು ದೇವರ ಸನ್ನಿಧಿಯಲ್ಲಿರಬಹುದು. ಆ ಕೆಲಸವೇ ದೇವರಿಗೆ ಅರ್ಪಿತವಾದ ಸೇವೆಯಾಗಬಹುದು. ಇದು ಹೇಗೆಂಬದನ್ನೂ, ಇದಕ್ಕೆ ಯಾವ ಮೇರೆಗಳುಂಟೆಂಬದನ್ನೂ ಇಲ್ಲಿ ವಿಚಾರಿಸೋಣ.

ಇದಕ್ಕೆ ದೂರದ ದೃಷ್ಟಾಂತ ಬೇಕಾಗಿಲ್ಲ. ಬೆಳಗಾವಿಯ ಖಾಸಬಾಗ, ಶಹಾಪುರ, ವಡಗಾವಿಗಳು ನೇಕಾರರ ನೆಲೆಗಳೆಂದು ಹೆಸರಾಗಿವೆ. ಒಂದು ಸೀರೆಯು ಸಿದ್ಧವಾಗಬೇಕಾದರೆ ಎಷ್ಟು ಕೈಗಳು ದುಡಿಯಬೇಕೆಂಬದನ್ನು ಈ ಓಣಿಗಳ ಮಕ್ಕಳು ಬಲ್ಲರು. ನೂಲಿಗೆ ಬಣ್ಣ ಕಟ್ಟಬೇಕು, ಗಂಜಿ ಹಾಕಬೇಕು, ಹಾಸನ್ನು ಅಣಿಮಾಡಬೇಕು. ಹಳೆಯ ಹಾಸಿನ ತುದಿಗೆ ಹೊಸ ಹಾಸಿನ ಎಳೆಗಳನ್ನು ಒಂದೊಂದಾಗಿ ಕೆಚ್ಚಬೇಕು. ರಾಟೆಯ ಮುಂದೆ ಕುಳಿತು ಹೊಕ್ಕಿನ ನೂಲನ್ನು ಕಂಡಿಕೆಗೆ ಸುತ್ತಬೇಕು. ಇವುಗಳಲ್ಲಿ ಬಹಳಷ್ಟು ಕೆಲಸವು ಹೆಂಗಸರದು. ಸೀರೆಯನ್ನು ಕೊಳ್ಳುವವಳು ಸೆರಗನ್ನೂ ಅಂಚನ್ನೂ ನೋಡಿ ಮೆಚ್ಚುತ್ತಾಳೆ. ಕಂಡಿಕೆ ಸುತ್ತಿದವಳು ಯಾರೆಂದು ಅಂಗಡಿಯಲ್ಲಿ ಯಾರೂ ಕೇಳುವದಿಲ್ಲ.

ಕೈಮಗ್ಗದವನು ಕುಣಿಯಲ್ಲಿ ಕಾಲಿಳಿಸಿ ಕುಳಿತು, ಕಾಲಿನಿಂದ ತುಳಿದು, ಒಂದು ಕೈಯಿಂದ ಲಾಳಿಯನ್ನು ಓಡಿಸಿ, ಇನ್ನೊಂದು ಕೈಯಿಂದ ಹೊಕ್ಕನ್ನು ಬಡಿದು ಕೂಡಿಸುತ್ತಾನೆ. ಕಲಿಯುವಾಗ ಇದಕ್ಕೆ ಪೂರ್ಣ ಗಮನ ಬೇಕು. ಕಲಿತ ಮೇಲೆ ಕೈಕಾಲುಗಳು ತಮ್ಮ ಕೆಲಸವನ್ನು ತಾವೇ ಬಲ್ಲವು; ಆಗ ಮನಸ್ಸಿಗೆ ಬಿಡುವು ದೊರೆಯುತ್ತದೆ. ಈ ಬಿಡುವನ್ನು ಚಿಂತೆಯೂ ತುಂಬಬಹುದು, ನೆರೆಮನೆಯವರ ಮೇಲಿನ ಮುನಿಸೂ ತುಂಬಬಹುದು, ದೇವರ ಸ್ಮರಣೆಯೂ ತುಂಬಬಹುದು. ಬಿಡುವು ಒಂದೇ, ಅದರಲ್ಲಿ ಏನನ್ನು ಇಡಬೇಕೆಂಬದು ನಮ್ಮ ಆಯ್ಕೆ.

ಮಗ್ಗವು ತಾನೇ ಒಂದು ಉಪದೇಶವಾಗಿದೆ. ಹಾಸು ಮೊದಲೇ ಬಿಗಿದಿರುತ್ತದೆ. ಅದು ನಾವು ಹುಟ್ಟಿದ ಮನೆ, ಕಾಲ, ದೇಹ ಇವುಗಳಂತೆ ನಮ್ಮ ಇಷ್ಟವನ್ನು ಕೇಳಿ ಬಂದದ್ದಲ್ಲ. ಹೊಕ್ಕು ಮಾತ್ರ ದಿನದಿನವೂ ನಮ್ಮ ಕೈಯಿಂದ ಸೇರುವಂಥದು. ಎಳೆ ಹರಿದಾಗ ಆಗಲೇ ನಿಲ್ಲಿಸಿ ಜೋಡಿಸದಿದ್ದರೆ ತಪ್ಪು ಮುಂದೆ ಮುಂದೆ ನಡೆದು ಬಟ್ಟೆಯನ್ನೇ ಕೆಡಿಸುವದು. ಪಾಪವನ್ನು ಒಪ್ಪಿಕೊಳ್ಳುವ ವಿಷಯವೂ ಹಾಗೆಯೇ. ನೇಯ್ದ ಭಾಗವು ಸುತ್ತಿಕೊಳ್ಳುತ್ತ ಹೋಗುತ್ತದೆ. ನೇಕಾರನಿಗೆ ಕಾಣುವದು ತನ್ನೆದುರಿನ ಗೇಣಷ್ಟು ಬಟ್ಟೆ ಮಾತ್ರ. ಇಡೀ ಸೀರೆಯು ಬಿಚ್ಚಿ ಹರಡಿದ ದಿನವೇ ತಿಳಿಯುವದು. ಭಕ್ತನಾದ ಯೋಬನು ತನ್ನ ದಿನಗಳ ವೇಗವನ್ನು ಲಾಳಿಯ ಓಟಕ್ಕೆ ಹೋಲಿಸಿದನು. ಅರಸನಾದ ಹಿಜ್ಕೀಯನು ರೋಗದಲ್ಲಿದ್ದಾಗ ತನ್ನ ಜೀವವನ್ನು ಮಗ್ಗದಿಂದ ಕತ್ತರಿಸಲ್ಪಡುವ ಬಟ್ಟೆಗೆ ಹೋಲಿಸಿದನು. ಮಗ್ಗದ ಸದ್ದನ್ನು ಅವರು ಕೇಳಿ ಬಲ್ಲವರಾಗಿದ್ದರೆಂಬದರಲ್ಲಿ ಸಂದೇಹವಿಲ್ಲ.

ಸತ್ಯವೇದದಲ್ಲಿ ಕೈಗೆಲಸಕ್ಕೆ ದೊಡ್ಡ ಸ್ಥಾನವಿದೆ. ದೇವದರ್ಶನದ ಗುಡಾರವನ್ನು ಕಟ್ಟುವಾಗ ದೇವರು ಬೆಚಲೇಲನೆಂಬ ಕುಶಲಗಾರನನ್ನು ತನ್ನ ಆತ್ಮದಿಂದ ತುಂಬಿಸಿದನೆಂದು ವಿಮೋಚನಕಾಂಡದಲ್ಲಿ ಬರೆದಿದೆ. ಜಾಣೆಯರಾದ ಸ್ತ್ರೀಯರು ತಮ್ಮ ಕೈಗಳಿಂದಲೇ ನೂತ ನೂಲನ್ನು ತಂದುಕೊಟ್ಟರೆಂದೂ ಅಲ್ಲಿಯೇ ಹೇಳಿದೆ. ಯೊಪ್ಪದ ತಬಿಥಾ ಎಂಬ ಶಿಷ್ಯಳು ಸತ್ತಾಗ ವಿಧವೆಯರು ಅಳುತ್ತ ಪೇತ್ರನಿಗೆ ತೋರಿಸಿದ್ದು ಅವಳು ಮಾಡಿಕೊಟ್ಟ ಅಂಗಿಗಳನ್ನು. ಅವಳ ಸಾಕ್ಷಿಯು ಸೂಜಿಯ ಮೊನೆಯಲ್ಲಿತ್ತು. ಅಪೊಸ್ತಲನಾದ ಪೌಲನು ಕೊರಿಂಥದಲ್ಲಿ ಅಕ್ವಿಲ, ಪ್ರಿಸ್ಕಿಲ್ಲರೆಂಬ ದಂಪತಿಗಳೊಂದಿಗೆ ಗುಡಾರ ಮಾಡುವ ಕಸಬನ್ನು ನಡಿಸಿದನು. ಎಲ್ಲಕ್ಕಿಂತ ಮಿಗಿಲಾಗಿ ನಮ್ಮ ಕರ್ತನೇ ನಜರೇತಿನ ಬಡಗಿಯಾಗಿದ್ದನು. ಆತನು ಬಹಿರಂಗವಾಗಿ ಉಪದೇಶಿಸಿದ ಕಾಲವು ಕೆಲವೇ ವರುಷಗಳು. ಮರವನ್ನು ಕೆತ್ತುತ್ತ ತಂದೆಯ ಚಿತ್ತವನ್ನು ಅರಿತ ಕಾಲವು ಅದಕ್ಕಿಂತ ದೀರ್ಘವಾದದ್ದು.

ಈ ನಾಡಿಗೆ ಸುವಾರ್ತೆಯನ್ನು ತಂದವರಲ್ಲಿಯೂ ಕೈಗೆಲಸದವರು ಕಡಿಮೆಯಿರಲಿಲ್ಲ. ವಿಲಿಯಂ ಕೇರಿಯವರು ಇಂಗ್ಲಂಡದಲ್ಲಿ ಚಮ್ಮಾರರಾಗಿ ದುಡಿಯುತ್ತಲೇ ಭಾಷೆಗಳನ್ನು ಕಲಿತರು. ಅವರೇ ಶ್ರೀರಾಮಪುರದಲ್ಲಿ 1817ರಲ್ಲಿ ಕನ್ನಡ ವ್ಯಾಕರಣವೊಂದನ್ನು ಪ್ರಕಟಿಸಿದರು. ಬೆಳಗಾವಿಯಲ್ಲಿ 1820ರಲ್ಲಿ ಕಾರ್ಯವನ್ನು ಆರಂಭಿಸಿದ್ದು ಲಂಡನ್ ಮಿಶನ್; 1904ರಲ್ಲಿ ಆ ಕಾರ್ಯವು ಅಮೇರಿಕದ ಮೆಥೊಡಿಸ್ಟ್ ಸಭೆಯವರ ಕೈಗೆ ಬಂದಿತು. ಇದೇ ಲಂಡನ್ ಮಿಶನ್ನಿನಿಂದ ಆಫ್ರಿಕ ಖಂಡಕ್ಕೆ ಹೋದ ಡೇವಿಡ್ ಲಿವಿಂಗ್‌ಸ್ಟನ್ ಎಂಬವರು ಹತ್ತನೆಯ ವಯಸ್ಸಿನಲ್ಲಿ ಹತ್ತಿಯ ಗಿರಣಿಗೆ ಸೇರಿದವರು. ನೂಲುವ ಯಂತ್ರದ ಮೇಲೆ ಪುಸ್ತಕವನ್ನು ತೆರೆದಿಟ್ಟು, ಅತ್ತಿತ್ತ ನಡೆಯುವಾಗ ಒಂದೊಂದೇ ವಾಕ್ಯವನ್ನು ಓದಿಕೊಂಡು ಅವರು ವಿದ್ಯಾವಂತರಾದರು. ಮಂಗಳೂರಿನಲ್ಲಿ ಬಾಸೆಲ್ ಮಿಶನ್ನಿನವರು ಕ್ರಿಸ್ತನನ್ನು ಸೇರಿದ್ದರಿಂದ ಹಿಂದಿನ ಜೀವನೋಪಾಯವನ್ನು ಕಳಕೊಂಡವರಿಗಾಗಿ ನೇಯ್ಗೆಯ ಕಾರ್ಖಾನೆಯನ್ನೂ, 1865ರಲ್ಲಿ ಹಂಚಿನ ಕಾರ್ಖಾನೆಯನ್ನೂ ತೆರೆದರು. ವಿಶ್ವಾಸಿಯು ಭಿಕ್ಷೆಯಿಂದಲ್ಲ, ದುಡಿಮೆಯಿಂದ ಬಾಳಬೇಕೆಂಬದೇ ಅವರ ನಿಲುವು.

ದುಡಿಮೆಯ ಗೌರವವು ಕ್ರೈಸ್ತರಿಗೆ ಮಾತ್ರ ತಿಳಿದದ್ದೆಂದು ನಾವು ಹೆಮ್ಮೆಪಡಲಾಗದು. ಕನ್ನಡ ನಾಡಿನ ಶರಣರು ಕಾಯಕವನ್ನು ಪೂಜೆಯ ಸ್ಥಾನಕ್ಕೆ ಏರಿಸಿದರು. ದಾಸಿಮಯ್ಯನು ನೇಕಾರನೇ ಆಗಿದ್ದನು. 1924ನೆಯ ಡಿಸೆಂಬರಿನಲ್ಲಿ ಮಹಾತ್ಮಾ ಗಾಂಧಿಯವರ ಅಧ್ಯಕ್ಷತೆಯಲ್ಲಿ ಬೆಳಗಾವಿಯಲ್ಲಿಯೇ ಕೂಡಿದ ಕಾಂಗ್ರೆಸ್ ಅಧಿವೇಶನವು, ಸದಸ್ಯರಾದವರು ತಿಂಗಳಿಗೆ 2000 ಗಜ ನೂಲನ್ನು ಕೊಡಬೇಕೆಂದು ನಿಯಮಿಸಿತು. ವಕೀಲರೂ ಪಂಡಿತರೂ ರಾಟೆಯ ಮುಂದೆ ಕುಳಿತ ಆ ದಿನಗಳನ್ನು ಈ ಊರು ಮರೆಯಬಾರದು.

ಇನ್ನು ಕೆಲಸದ ನಡುವೆ ಧ್ಯಾನಿಸುವ ಬಗೆ ಹೇಗೆ? ಪ್ಯಾರಿಸ್ ಪಟ್ಟಣದ ಮಠವೊಂದರ ಅಡಿಗೆಮನೆಯಲ್ಲಿ ಬಹುಕಾಲ ಸೇವೆ ಮಾಡಿ 1691ರಲ್ಲಿ ನಿಧನ ಹೊಂದಿದ ಸಹೋದರ ಲಾರೆನ್ಸ್ ಎಂಬವರು, ಪಾತ್ರೆಗಳ ಗದ್ದಲದಲ್ಲಿಯೂ ದೇವರು ತಮ್ಮ ಹತ್ತಿರವೇ ಇದ್ದಾನೆಂಬ ಅರಿವನ್ನು ಅಭ್ಯಾಸದಿಂದ ಬೆಳೆಸಿಕೊಂಡರು. ಅಭ್ಯಾಸವೆಂಬ ಮಾತು ಇಲ್ಲಿ ಮುಖ್ಯವಾದದ್ದು. ಮೊದಲನೆಯದಾಗಿ, ಉಪಕರಣವನ್ನು ಕೈಗೆತ್ತಿಕೊಳ್ಳುವಾಗ ಒಂದೇ ಮಾತಿನಲ್ಲಿ ಆ ಕೆಲಸವನ್ನು ದೇವರಿಗೆ ಒಪ್ಪಿಸಬೇಕು. ಎರಡನೆಯದಾಗಿ, ಹಿಂದಿನ ರಾತ್ರಿ ಓದಿದ ಒಂದು ವಚನವನ್ನು ಬಾಯಿಪಾಠ ಮಾಡಿ, ಮರುದಿನದ ದುಡಿಮೆಯಲ್ಲಿ ಅದನ್ನು ಮೆಲುಕುಹಾಕಬೇಕು. ಮೂರನೆಯದಾಗಿ, ಒಂದೊಂದು ಕಂಡಿಕೆ ಸುತ್ತುವಾಗ, ಒಂದೊಂದು ರೊಟ್ಟಿ ಬಡಿಯುವಾಗ ಒಬ್ಬೊಬ್ಬರನ್ನು ನೆನೆದು ಅವರಿಗಾಗಿ ಬೇಡಿಕೊಳ್ಳಬೇಕು. ನಾಲ್ಕನೆಯದಾಗಿ, ಸಂಜೆ ಕೆಲಸವನ್ನು ಇಳಿಸುವಾಗ, ಅದನ್ನು ಪ್ರಾಮಾಣಿಕವಾಗಿ ಮಾಡಿದೆನೋ ಎಂದು ತನ್ನನ್ನೇ ಕೇಳಿಕೊಳ್ಳಬೇಕು. ಸಡಿಲಾಗಿ ನೇಯ್ದ ಬಟ್ಟೆಯನ್ನು ಎಷ್ಟು ಕೀರ್ತನೆಗಳೂ ಬಿಗಿಮಾಡಲಾರವು. ಉರಿಯುವ ಒಲೆಯ ಮುಂದೆ, ತಿರುಗುವ ಯಂತ್ರದ ಮುಂದೆ ಮಾತ್ರ ಪೂರ್ಣ ಎಚ್ಚರವೇ ಪ್ರಾರ್ಥನೆ; ಅಲ್ಲಿ ಧ್ಯಾನದ ನೆವದಿಂದ ಮೈಮರೆಯುವದು ಭಕ್ತಿಯಲ್ಲ.

ಆದರೆ ಒಂದು ಮಾತನ್ನು ಮರೆಮಾಚಿದರೆ ಈ ಲೇಖನವು ಅರ್ಧಸತ್ಯವಾಗುವದು. ದುಡಿಮೆಯು ಪ್ರಾರ್ಥನೆಯೆಂದು ಹೇಳುವದು ಸುಲಭ, ಮುಖ್ಯವಾಗಿ ದುಡಿಯದವರಿಗೆ. ಇಂದು ಖಾಸಬಾಗದಲ್ಲಿ ಹೆಚ್ಚಾಗಿ ಕೇಳಿಬರುವದು ವಿದ್ಯುತ್ ಮಗ್ಗಗಳ ಸದ್ದು. ಅದರ ನಡುವೆ ಪಕ್ಕದವರ ಮಾತೇ ಕಿವಿಗೆ ಬೀಳುವದಿಲ್ಲ. ನೂಲಿನ ಬೆಲೆ ಏರಿದಾಗಲೂ ಸೀರೆಯ ಬೆಲೆ ಇಳಿದಾಗಲೂ ನಷ್ಟವು ಮೊದಲು ತಟ್ಟುವದು ನೇಯುವವನ ಮನೆಗೆ. ಅಂಥವನ ಬಳಿಗೆ ಹೋಗಿ, ದೇವರನ್ನು ನೆನೆದು ಸಂತೋಷವಾಗಿರು ಎಂದು ಹೇಳಿ ಹಿಂದಿರುಗುವದು ಕ್ರೈಸ್ತಧರ್ಮವಲ್ಲ. ಕೆಲಸದವರಿಗೆ ಕೊಡದೆ ಹಿಡಿದುಕೊಂಡ ಕೂಲಿಯು ದೇವರ ಮುಂದೆ ಕೂಗುತ್ತದೆಂದು ಯಾಕೋಬನು ತನ್ನ ಪತ್ರಿಕೆಯಲ್ಲಿ ಐಶ್ವರ್ಯವಂತರನ್ನು ಎಚ್ಚರಿಸಿದ್ದಾನೆ. ವಾರಕ್ಕೊಂದು ದಿನ ಆಳಿಗೂ ಎತ್ತಿಗೂ ವಿಶ್ರಾಂತಿ ದೊರೆಯಬೇಕೆಂದು ಆಜ್ಞಾಪಿಸಿದವನೂ ದೇವರೇ. ಆದುದರಿಂದ ದುಡಿಯುವವಳು ತನ್ನ ಕೆಲಸದಲ್ಲಿ ದೇವರನ್ನು ಕಾಣಲಿ. ಕೆಲಸ ಮಾಡಿಸುವವನು ದುಡಿಯುವವಳ ಕೂಲಿಯಲ್ಲಿಯೂ ವಿಶ್ರಾಂತಿಯಲ್ಲಿಯೂ ದೇವರಿಗೆ ಲೆಕ್ಕ ಒಪ್ಪಿಸಲಿ. ಇವೆರಡೂ ಹಾಸುಹೊಕ್ಕಿನಂತೆ ಕೂಡಿದರೇ ಬಟ್ಟೆಯಾಗುವದು.

ಪ್ರಿಯ ವಿದ್ಯಾರ್ಥಿನಿಯರೇ, ನೀವು ಓದಿ ಶಿಕ್ಷಕಿಯರೂ ದಾದಿಯರೂ ಅಧಿಕಾರಿಗಳೂ ಆಗುವಿರಿ, ಆಗಲೇಬೇಕು. ಆದರೆ ನಿಮ್ಮ ಶಾಲೆಯ ಶುಲ್ಕವನ್ನು ಕಂಡಿಕೆ ಸುತ್ತಿ ಕೂಡಿಟ್ಟ ತಾಯಿಯ ಬೆರಳುಗಳು ಒರಟಾಗಿವೆಯೆಂದು ಗೆಳತಿಯರ ಮುಂದೆ ನಾಚದಿರಿ. ನಮ್ಮ ರಕ್ಷಕನು ಶಿಲುಬೆಗೆ ಹೋಗುವಾಗ ತೊಟ್ಟಿದ್ದ ಅಂಗಿಯು ಹೊಲಿಗೆಯಿಲ್ಲದೆ ಮೇಲಿನಿಂದ ಕೆಳತನಕ ಒಂದೇ ಆಗಿ ನೇಯ್ದದ್ದಾಗಿತ್ತೆಂದು ಯೋಹಾನನು ಬರೆದಿದ್ದಾನೆ. ಸಿಪಾಯಿಗಳು ಕೂಡ ಅದನ್ನು ಹರಿಯಲು ಮನಸ್ಸು ಮಾಡಲಿಲ್ಲ. ಅದನ್ನು ನೇಯ್ದವರ ಹೆಸರು ಯಾವ ಪುಸ್ತಕದಲ್ಲಿಯೂ ಇಲ್ಲ. ಆ ಕೈಗಳನ್ನು ಕರ್ತನು ಬಲ್ಲನು. ನಿಮ್ಮ ತಾಯಿಯ ಕೈಗಳನ್ನೂ ಬಲ್ಲನು.