ಬಾಟಲಿಯ ಮೇಲೊಂದು ಸರ್ವೆ ನಂಬರು

2010ರ ಜನವರಿ. ಪೂರ್ವ ಫ್ರಾನ್ಸಿನ ವೋನ್ ರೊಮಾನೆ ಎಂಬ ಪುಟ್ಟ ಹಳ್ಳಿಯಲ್ಲಿ ದ್ರಾಕ್ಷಿ ತೋಟದ ಒಡೆಯರಲ್ಲೊಬ್ಬರಾದ ಆಬೆರ್ ದ ವಿಲೇನ್ ಅವರಿಗೆ ಒಂದು ಪೊಟ್ಟಣ ಬಂತು. ಬಿಚ್ಚಿದರೆ ಒಳಗೆ ಅವರದೇ ತೋಟದ ನಕ್ಷೆ, ಜತೆಗೊಂದು ಬೆದರಿಕೆ. ಹತ್ತು ಲಕ್ಷ ಯೂರೊ ಕೊಡಬೇಕು, ಇಲ್ಲದಿದ್ದರೆ ಬಳ್ಳಿಗಳಿಗೆ ವಿಷ! ಯಾರದೋ ಹುಡುಗಾಟವೆಂದು ತಳ್ಳಿಹಾಕುವಂತಿರಲಿಲ್ಲ. ತೋಟಕ್ಕೆ ಹೋಗಿ ನೋಡಿದರೆ ಬಳ್ಳಿಗಳ ಬುಡ ಕೊರೆದಿತ್ತು, ಎರಡಕ್ಕೆ ಆಗಲೇ ವಿಷ ಬಿದ್ದಿತ್ತು. ಪೊಲೀಸರು ಖೋಟಾ ನೋಟು ತುಂಬಿದ ಚೀಲವನ್ನು ನೆರೆಯ ಹಳ್ಳಿಯ ಸ್ಮಶಾನದಲ್ಲಿಟ್ಟು ಕಾದು ಕುಳಿತರು. ಚೀಲ ಎತ್ತಿಕೊಳ್ಳಲು ಬಂದವನು ಸಿಕ್ಕಿಬಿದ್ದ.

ಮನುಷ್ಯರನ್ನು ಅಪಹರಿಸಿ ಹಣ ಕೇಳುವ ಸುದ್ದಿ ಪತ್ರಿಕೆಗಳಲ್ಲಿ ಹೊಸತಲ್ಲ. ಆದರೆ ಬಳ್ಳಿಗಳನ್ನು ಒತ್ತೆ ಇಟ್ಟುಕೊಂಡು ಹಣ ಕೇಳುವುದೆಂದರೆ? ಆ ತೋಟದ ಹೆಸರು ಕೇಳಿದರೆ ಆಶ್ಚರ್ಯ ಸ್ವಲ್ಪ ಕಡಿಮೆಯಾಗಬಹುದು. ಅದು ರೊಮಾನೆ ಕೊಂತಿ. ವಿಸ್ತೀರ್ಣ 1.8 ಹೆಕ್ಟೇರ್, ಅಂದರೆ ಸುಮಾರು ನಾಲ್ಕೂವರೆ ಎಕರೆ. ನಮ್ಮ ಸರ್ಕಾರದ ಲೆಕ್ಕದಲ್ಲಿ ಇಷ್ಟು ನೆಲವಿದ್ದವನು 'ಸಣ್ಣ ರೈತ'. ಈ ಸಣ್ಣ ರೈತನ ಹೊಲದಲ್ಲಿ ವರ್ಷಕ್ಕೆ ಐದಾರು ಸಾವಿರ ಬಾಟಲಿ ವೈನ್ ಮಾತ್ರ ತಯಾರಾಗುತ್ತದೆ. 1945ರ ಫಸಲಿನಿಂದ ಮಾಡಿದ್ದು ಕೇವಲ 600 ಬಾಟಲಿ. ಅವುಗಳಲ್ಲೊಂದು 2018ರಲ್ಲಿ ನ್ಯೂಯಾರ್ಕಿನ ಹರಾಜಿನಲ್ಲಿ 5 ಲಕ್ಷ 58 ಸಾವಿರ ಡಾಲರಿಗೆ ಹೋಯಿತು. ಆಗಿನ ವಿನಿಮಯ ದರದಲ್ಲಿ ನಾಲ್ಕು ಕೋಟಿ ರೂಪಾಯಿಗೂ ಹೆಚ್ಚು! ವೈನ್ ಬಾಟಲಿಯೊಂದಕ್ಕೆ ಅಲ್ಲಿಯವರೆಗೆ ಹರಾಜಿನಲ್ಲಿ ಅಷ್ಟು ಬೆಲೆ ಬಂದಿರಲಿಲ್ಲ.

ಈ ಬೆಲೆ ಹುಚ್ಚುತನ ಎನ್ನುವವರ ಮಾತನ್ನು ಅಲ್ಲಗಳೆಯುವುದು ಕಷ್ಟ. ಆದರೆ ಆ ಹುಚ್ಚಿನ ಹಿಂದೆ ಸುಮಾರು ಸಾವಿರ ವರ್ಷಗಳ ಒಂದು ನಂಬಿಕೆ ಇದೆ. ವೈನಿನ ರುಚಿ ಹಣ್ಣಿನದಲ್ಲ, ಮಾಡಿದವನದಲ್ಲ, ನೆಲದ್ದು ಎಂಬುದೇ ಆ ನಂಬಿಕೆ. ಬರ್ಗಂಡಿ ಪ್ರಾಂತ್ಯದ ಕಥೆಯೆಲ್ಲ ಈ ಒಂದು ಮಾತಿನ ಸುತ್ತ ಹೆಣೆದುಕೊಂಡಿದೆ. ವೈನನ್ನು ಮೂಸಿಯೂ ನೋಡದವರಿಗೂ, ಹೊಲಗದ್ದೆಯ ಪರಿಚಯವಿದ್ದರೆ ಸಾಕು, ಇದು ಅರ್ಥವಾದೀತು.

ಬರ್ಗಂಡಿಯ ಹೃದಯಭಾಗ 'ಕೋತ್ ದೋರ್' ಎಂಬ ಇಳಿಜಾರು. ಡಿಜಾನ್ ನಗರದಿಂದ ದಕ್ಷಿಣಕ್ಕೆ ಐವತ್ತು ಕಿಲೋಮೀಟರಿಗೂ ಹೆಚ್ಚು ಉದ್ದಕ್ಕೆ ಹಬ್ಬಿದ ಈ ಗುಡ್ಡದ ಸಾಲಿನಲ್ಲಿ ದ್ರಾಕ್ಷಿ ಬೆಳೆಯುವ ಪಟ್ಟಿಯ ಅಗಲ ಕೆಲವೆಡೆ ಕೆಲವೇ ನೂರು ಮೀಟರ್. ಮುಖ ಪೂರ್ವಕ್ಕೆ. ಬೆಳಗಿನ ಬಿಸಿಲು ನೇರವಾಗಿ ಬೀಳುತ್ತದೆ. ಹದಿನಾರು ಕೋಟಿ ವರ್ಷಗಳ ಹಿಂದೆ ಇಲ್ಲಿ ಸಮುದ್ರವಿತ್ತು. ಅದರ ತಳದಲ್ಲಿ ಕೂತ ಚಿಪ್ಪು, ಕೆಸರು ಇಂದಿನ ಸುಣ್ಣಕಲ್ಲು. ಗುಡ್ಡದ ನೆತ್ತಿಯಲ್ಲಿ ಕಲ್ಲೇ ಹೆಚ್ಚು, ಮಣ್ಣು ತೆಳು. ಬುಡದಲ್ಲಿ ಜೇಡಿ ಮಣ್ಣು, ನೀರು ನಿಲ್ಲುತ್ತದೆ. ನಡುಭಾಗದಲ್ಲಿ ಎರಡೂ ಹದವಾಗಿ ಬೆರೆತಿವೆ. ಶ್ರೇಷ್ಠ ತೋಟಗಳೆಲ್ಲ ಇರುವುದು ಈ ನಡುಪಟ್ಟಿಯಲ್ಲಿ. ಕೆಳಗಿನ ಹೆದ್ದಾರಿ ದಾಟಿ ಆಚೆ ಬಂದರೆ ಅದೇ ಊರು, ಅದೇ ದ್ರಾಕ್ಷಿ; ಆದರೆ ವೈನ್ ಸಾಧಾರಣ.

ಇಲ್ಲಿನ ಕೆಂಪು ವೈನ್ ಬಹುಪಾಲು ಪಿನೋ ನ್ವಾರ್ ಎಂಬ ಒಂದೇ ದ್ರಾಕ್ಷಿಯಿಂದ, ಬಿಳಿ ವೈನ್ ಶಾರ್ಡನೆ ಎಂಬ ಒಂದೇ ದ್ರಾಕ್ಷಿಯಿಂದ. ಫ್ರಾನ್ಸಿನ ಇನ್ನೊಂದು ಪ್ರಸಿದ್ಧ ಪ್ರಾಂತ್ಯವಾದ ಬೋರ್ಡೋದಲ್ಲಿ ಹಲವು ತಳಿಗಳನ್ನು ಬೆರೆಸುತ್ತಾರೆ. ಬರ್ಗಂಡಿಯಲ್ಲಿ ಬೆರಕೆ ಇಲ್ಲದಿರುವುದರಿಂದಲೇ ಎರಡು ಬಾಟಲಿಗಳ ನಡುವಿನ ವ್ಯತ್ಯಾಸಕ್ಕೆ ನೆಲವನ್ನೇ ಕಾರಣವೆಂದು ತೋರಿಸಲು ಸಾಧ್ಯವಾಯಿತು.

ಈ ವ್ಯತ್ಯಾಸವನ್ನು ಮೊದಲು ಶ್ರದ್ಧೆಯಿಂದ ಗುರುತಿಸಿದವರು ಕ್ರೈಸ್ತ ಸಂನ್ಯಾಸಿಗಳು. ಬಳ್ಳಿಗಳು ಅವರಿಗಿಂತ ಹಳೆಯವು, ರೋಮನ್ನರ ಕಾಲದವು. ಆದರೆ 910ರಲ್ಲಿ ಕ್ಲುನಿಯಲ್ಲಿ, 1098ರಲ್ಲಿ ಸಿಟೋದಲ್ಲಿ ಮಠಗಳು ಹುಟ್ಟಿದ ಮೇಲೆ ಭಕ್ತರು ಕೊಟ್ಟ ದಾನದ ಭೂಮಿಯೆಲ್ಲ ಅಲ್ಲಿಗೆ ಹರಿದು ಬಂತು. ಪೂಜೆಗೆ ವೈನ್ ಬೇಕು, ಅತಿಥಿಗೆ ಬೇಕು, ಮಾರಾಟಕ್ಕೂ ಬೇಕು. ಗೃಹಸ್ಥನ ಜಮೀನು ಮಕ್ಕಳಲ್ಲಿ ಪಾಲಾಗುತ್ತದೆ, ಮಠದ್ದು ಆಗುವುದಿಲ್ಲ. ಒಂದೇ ತುಂಡು ನೆಲವನ್ನು ತಲೆಮಾರುಗಟ್ಟಲೆ ನೋಡುತ್ತ, ಯಾವ ಮೂಲೆಯಲ್ಲಿ ಹಣ್ಣು ಬೇಗ ಮಾಗುತ್ತದೆ, ಎಲ್ಲಿ ಮಂಜು ಮೊದಲು ಬೀಳುತ್ತದೆ ಎಂದು ಗಮನಿಸುವ ಪುರುಸೊತ್ತು ಅವರಿಗಿತ್ತು. ಸಂನ್ಯಾಸಿಗಳು ಮಣ್ಣನ್ನು ಬಾಯಿಗೆ ಹಾಕಿಕೊಂಡು ರುಚಿ ನೋಡುತ್ತಿದ್ದರೆಂಬ ಕಥೆಯೂ ಇದೆ. ಕಥೆ ಸೊಗಸಾಗಿದೆ, ಪುರಾವೆ ಇಲ್ಲ. ಕಣ್ಣಿಗೆ ಕಾಣುವ ಪುರಾವೆ ಬೇರೆಯೇ ಇದೆ. ಸಿಟೋ ಮಠದವರು ಕಲ್ಲಿನ ಗೋಡೆ ಕಟ್ಟಿ ಸುತ್ತುವರಿದ 'ಕ್ಲೊ ದ ವೂಜೊ' ತೋಟ ಇಂದಿಗೂ ಹಾಗೆಯೇ ನಿಂತಿದೆ.

ಸಂನ್ಯಾಸಿಗಳ ಜತೆಗೆ ಅರಸರೂ ಸೇರಿಕೊಂಡರು. 1395ರಲ್ಲಿ ಬರ್ಗಂಡಿಯ ಡ್ಯೂಕ್ 'ಧೀರ' ಫಿಲಿಪ್ ಒಂದು ಆಜ್ಞೆ ಹೊರಡಿಸಿ ಗಾಮೆ ಎಂಬ ದ್ರಾಕ್ಷಿ ತಳಿಯನ್ನು ಕಿತ್ತು ಹಾಕಿಸಿದ. ಗಾಮೆ ಹುಲುಸಾಗಿ ಕಾಯುವ ಬಳ್ಳಿ, ಬಡ ರೈತನಿಗೆ ಅನುಕೂಲ. ಆದರೆ ಅದರ ವೈನ್ ಒರಟೆಂದು ಡ್ಯೂಕನ ದೂರು. ಆಜ್ಞೆಯಲ್ಲಿ ಆ ಗಿಡವನ್ನು ನಂಬಿಕೆದ್ರೋಹಿ ಎಂದೇ ಬೈದಿದ್ದಾನೆ! ತೋಟಕ್ಕೆ ಗೊಬ್ಬರ ಹಾಕುವುದನ್ನೂ ನಿಷೇಧಿಸಿದ. ಇಳುವರಿ ಮುಖ್ಯವೋ ಗುಣ ಮುಖ್ಯವೋ ಎಂಬ, ಎಲ್ಲ ದೇಶದ ಬೇಸಾಯಗಾರರಿಗೂ ಗೊತ್ತಿರುವ ಜಗಳದಲ್ಲಿ ಅರಸ ತೀರ್ಪು ಕೊಟ್ಟಿದ್ದ. ಬರ್ಗಂಡಿಯ ಕೀರ್ತಿ ಆ ತೀರ್ಪಿನ ಮೇಲೆ ನಿಂತಿದೆ ನಿಜ; ಅದರ ನಷ್ಟ ಯಾರ ತಲೆಯ ಮೇಲೆ ಬಿತ್ತು ಎಂಬುದನ್ನು ವೈನ್ ಪ್ರಿಯರು ಅಷ್ಟಾಗಿ ನೆನೆಯುವುದಿಲ್ಲ.

ಮಠಗಳ ಕಾಲ 1789ರ ಕ್ರಾಂತಿಯೊಂದಿಗೆ ಮುಗಿಯಿತು. ಹೊಸ ಸರ್ಕಾರ ಚರ್ಚಿನ ಆಸ್ತಿಯನ್ನೆಲ್ಲ ವಶಪಡಿಸಿಕೊಂಡು ಹರಾಜು ಹಾಕಿತು. 1804ರಲ್ಲಿ ನೆಪೋಲಿಯನ್ನನ ಸಿವಿಲ್ ಸಂಹಿತೆ ಬಂದು, ತಂದೆಯ ಆಸ್ತಿ ಎಲ್ಲ ಮಕ್ಕಳಿಗೂ ಸಮಪಾಲು ಎಂದಿತು. ಆಮೇಲೆ ಶುರುವಾದದ್ದು ಹಿಸ್ಸೆಯ ಕಥೆ. ಸಂನ್ಯಾಸಿಗಳ ಒಂದೇ ತೋಟವಾಗಿದ್ದ ಕ್ಲೊ ದ ವೂಜೊದ ಐವತ್ತು ಹೆಕ್ಟೇರಿಗೆ ಈಗ ಸುಮಾರು ಎಂಬತ್ತು ಒಡೆಯರು. ಕೆಲವರ ಪಾಲಿಗೆ ಉಳಿದಿರುವುದು ಬಳ್ಳಿಗಳ ಕೆಲವೇ ಸಾಲು. ಗೋಡೆ ಒಂದೇ, ಹೆಸರೂ ಒಂದೇ. ಆದರೆ ಮೇಲ್ಭಾಗದ ಕಲ್ಲು ನೆಲಕ್ಕೂ ಹೆದ್ದಾರಿಗೆ ತಾಗಿದ ತಗ್ಗಿಗೂ ಹೋಲಿಕೆಯೇ ಇಲ್ಲ. ನೆಲದ ಮಹಿಮೆಯನ್ನು ಅತಿಯಾಗಿ ಹೊಗಳುವವರ ಬಾಯಿ ಕಟ್ಟುವುದು ಈ ತೋಟವೇ. ಇಲ್ಲಿನ ಬಾಟಲಿ ಕೊಳ್ಳುವವನು ತೋಟದ ಹೆಸರಿನ ಜತೆಗೆ ಮಾಡಿದವನ ಹೆಸರನ್ನೂ ನೋಡಲೇಬೇಕು.

ಬರ್ಗಂಡಿಯವರು ಒಂದೊಂದು ತುಂಡು ನೆಲವನ್ನು 'ಕ್ಲಿಮಾ' ಎನ್ನುತ್ತಾರೆ. ಉಳಿದ ಫ್ರಾನ್ಸಿನಲ್ಲಿ ಈ ಪದಕ್ಕೆ ಹವಾಮಾನ ಎಂದರ್ಥ; ಇಲ್ಲಿ ಹೆಸರು, ಗಡಿ, ಚರಿತ್ರೆ ಇರುವ ಹೊಲ. ನಮ್ಮ ಸರ್ವೆ ನಂಬರಿಗೆ ಒಂದು ಹೆಸರು, ಒಂದು ರುಚಿ, ಒಂದು ಅಂತಸ್ತು ಇದ್ದಿದ್ದರೆ ಹೇಗಿರುತ್ತಿತ್ತೋ ಹಾಗೆ. ಕೋತ್ ದೋರ್ ಸಾಲಿನಲ್ಲಿ ಇಂಥ 1,247 ಕ್ಲಿಮಾಗಳನ್ನು ಯುನೆಸ್ಕೊ 2015ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ಅದಕ್ಕಾಗಿ ಮುಂದೆ ನಿಂತು ದುಡಿದವರಲ್ಲಿ ಬೆದರಿಕೆ ಪತ್ರ ಬಂದಿದ್ದ ಆಬೆರ್ ದ ವಿಲೇನ್ ಪ್ರಮುಖರು.

ಹೊಲದ ಹೆಸರಿನ ಆಕರ್ಷಣೆ ಎಷ್ಟೆಂದರೆ ಊರುಗಳೇ ತಮ್ಮ ಹೆಸರಿಗೆ ಅದನ್ನು ಅಂಟಿಸಿಕೊಂಡವು. ಜೆವ್ರೆ ಎಂಬ ಊರು 1847ರಲ್ಲಿ ತನ್ನ ಪ್ರಸಿದ್ಧ ತೋಟದ ಹೆಸರನ್ನು ಸೇರಿಸಿಕೊಂಡು ಜೆವ್ರೆ ಷಾಂಬರ್ತ್ಯಾಂ ಆಯಿತು. ಮೊಂತ್ರಾಶೆ ಎಂಬ ಬಿಳಿ ವೈನಿನ ತೋಟ ಪುಲಿಞಿ ಮತ್ತು ಶಾಸಾಞ ಎಂಬ ಎರಡು ಊರಿಗೆ ಹಂಚಿಕೊಂಡಿದೆ. ಇಬ್ಬರೂ ಬಿಟ್ಟುಕೊಡದೆ ಎರಡೂ ಊರು ಅದೇ ಹೆಸರನ್ನು ಬಾಲಕ್ಕೆ ಕಟ್ಟಿಕೊಂಡವು! 1935ರಲ್ಲಿ ಫ್ರೆಂಚ್ ಸರ್ಕಾರ ಕಾನೂನು ತಂದು, ಯಾವ ಹೆಸರನ್ನು ಯಾವ ನೆಲದ ವೈನಿಗೆ ಬಳಸಬಹುದೆಂದು ಗೊತ್ತುಪಡಿಸತೊಡಗಿತು. ಅತ್ಯುಚ್ಚ ದರ್ಜೆಯಾದ 'ಗ್ರಾಂ ಕ್ರೂ' ಪಡೆದ ತೋಟಗಳು 33. ಬರ್ಗಂಡಿಯ ಒಟ್ಟು ವೈನಿನಲ್ಲಿ ಅವುಗಳ ಪಾಲು ನೂರಕ್ಕೆ ಒಂದರಷ್ಟು. ನಂಜನಗೂಡು ರಸಬಾಳೆಗೆ ಭೌಗೋಳಿಕ ಸೂಚಿಯ ಮಾನ್ಯತೆ ಕೊಟ್ಟ ನಮ್ಮ 1999ರ ಕಾಯ್ದೆಯ ಹಿಂದಿರುವುದೂ ಇದೇ ವಿಚಾರ.

ಹಾಗಾದರೆ ಬಾಟಲಿಯೊಳಗೆ ಇರುವುದಾದರೂ ಏನು? ಕೆಂಪು ಬರ್ಗಂಡಿಯನ್ನು ಮೊದಲ ಬಾರಿ ನೋಡಿದವರಿಗೆ ನಿರಾಸೆಯಾಗುವುದುಂಟು. ಬಣ್ಣ ಗಾಢವಲ್ಲ, ಲೋಟದ ಆಚೆಯ ಬೆರಳು ಕಾಣುವಷ್ಟು ತಿಳಿ. ಇದನ್ನು ಸವಿಯಲು ಹೊಟ್ಟೆ ಅಗಲವಾದ ದೊಡ್ಡ ಲೋಟ ಬೇಕು, ಮೂರನೇ ಒಂದು ಭಾಗ ಮಾತ್ರ ತುಂಬಬೇಕು. ಮೆಲ್ಲಗೆ ತಿರುಗಿಸಿ ಮೊದಲು ಮೂಗಿಗೆ, ಆಮೇಲೆ ಬಾಯಿಗೆ. ಎಳೆಯ ವೈನಿನಲ್ಲಿ ಚೆರಿ, ರಾಸ್‌ಬೆರಿಯಂಥ ಹಣ್ಣಿನ ಪರಿಮಳ. ಹತ್ತು ಹದಿನೈದು ವರ್ಷ ನೆಲಮಾಳಿಗೆಯಲ್ಲಿ ಮಲಗಿದ ಒಳ್ಳೆಯ ವೈನಿನಲ್ಲಿ ಹಣ್ಣು ಹಿಂದೆ ಸರಿದು, ತರಗೆಲೆ, ಅಣಬೆ, ಮಳೆ ಬಿದ್ದ ಕಾಡಿನ ನೆಲದ ವಾಸನೆ ಮುಂದೆ ಬರುತ್ತದೆ. ಉಷ್ಣತೆ 16 ಡಿಗ್ರಿಯ ಆಸುಪಾಸು ಇರಬೇಕು. 'ಕೋಣೆಯ ಉಷ್ಣತೆ' ಎಂಬ ಹಳೆಯ ಸಲಹೆ ಯೂರೋಪಿನ ತಣ್ಣನೆಯ ಮನೆಗಳಿಗೆ ಹೇಳಿದ್ದು, ನಮ್ಮ ಬೇಸಿಗೆಗಲ್ಲ.

ಊಟದ ಜತೆಗೇ ಕುಡಿಯುವುದು ಅಲ್ಲಿನ ರೂಢಿ. ವೈನಿನಲ್ಲೇ ಗಂಟೆಗಟ್ಟಲೆ ಬೇಯಿಸಿದ ದನದ ಮಾಂಸ, ಬೆಳ್ಳುಳ್ಳಿ ಬೆಣ್ಣೆಯಲ್ಲಿ ಬೆಂದ ಬಸವನ ಹುಳು, ಮೂಗು ಮುಚ್ಚಿಕೊಳ್ಳುವಂತೆ ನಾರುವ ಎಪ್ವಾಸ್ ಚೀಸ್ ಇಲ್ಲಿನ ವಿಶೇಷಗಳು. ಎಲ್ಲರೂ ಗ್ರಾಂ ಕ್ರೂ ಕುಡಿಯುತ್ತಾರೆಂದೇನಲ್ಲ. ಅಗ್ಗದ ಬಿಳಿ ವೈನಿಗೆ ಕಪ್ಪು ಕರಂಟ್ ಹಣ್ಣಿನ ಸಿಹಿ ಮದ್ಯ ಬೆರೆಸಿದರೆ ಅದು 'ಕಿರ್'. 1945ರಿಂದ 1968ರವರೆಗೆ ಡಿಜಾನಿನ ಮೇಯರ್ ಆಗಿದ್ದ ಪಾದ್ರಿ ಫೆಲಿಕ್ಸ್ ಕಿರ್ ಬಂದವರಿಗೆಲ್ಲ ಅದನ್ನೇ ಕೊಡುತ್ತಿದ್ದರಂತೆ. ಹೆಸರು ಹಾಗೆ ಉಳಿಯಿತು.

ಬೋನ್ ಪಟ್ಟಣದಲ್ಲಿ ಮಾತ್ರ ವೈನಿಗೆ ಇನ್ನೊಂದು ಕೆಲಸವೂ ಇದೆ. ಬಣ್ಣಬಣ್ಣದ ಹೆಂಚಿನ ಮಾಡಿಗೆ ಹೆಸರಾದ ಅಲ್ಲಿನ ಓತೆಲ್ ದ್ಯೂ ಎಂಬ ಧರ್ಮಾಸ್ಪತ್ರೆಯನ್ನು 1443ರಲ್ಲಿ ಡ್ಯೂಕನ ಮಂತ್ರಿ ನಿಕೊಲಾ ರೊಲಾಂ ಮತ್ತು ಹೆಂಡತಿ ಗಿಗೋನ್ ಸ್ಥಾಪಿಸಿದರು. ಭಕ್ತರು ಆಸ್ಪತ್ರೆಗೆ ದ್ರಾಕ್ಷಿ ತೋಟಗಳನ್ನು ಉಂಬಳಿಯಂತೆ ಬಿಟ್ಟರು. ಈಗ ಸುಮಾರು 60 ಹೆಕ್ಟೇರ್ ಇದೆ. 1971ರವರೆಗೂ ಹಳೆಯ ಕಟ್ಟಡದಲ್ಲೇ ರೋಗಿಗಳಿದ್ದರು, ಅದೀಗ ವಸ್ತುಸಂಗ್ರಹಾಲಯ. ತೋಟಗಳ ವೈನನ್ನು 1859ರಿಂದ ಪ್ರತಿ ನವೆಂಬರಿನಲ್ಲಿ ಪೀಪಾಯಿ ಲೆಕ್ಕದಲ್ಲಿ ಹರಾಜು ಹಾಕುತ್ತ ಬಂದಿದ್ದಾರೆ. ಹಣ ಇಂದಿಗೂ ಆಸ್ಪತ್ರೆಗೇ ಹೋಗುತ್ತದೆ.

ಇಷ್ಟು ಹಳೆಯ ವ್ಯವಸ್ಥೆಗೆ ಈಗ ಎರಡು ಕಡೆಯಿಂದ ಬಿಸಿ ತಟ್ಟಿದೆ. ಒಂದು, ಹಣದ ಬಿಸಿ. ಗ್ರಾಂ ಕ್ರೂ ನೆಲದ ಬೆಲೆ ಹೆಕ್ಟೇರಿಗೆ ಹಲವು ದಶಲಕ್ಷ ಯೂರೊ ತಲುಪಿದೆ. ತಂದೆ ತೀರಿಕೊಂಡಾಗ ಮಕ್ಕಳು ಉತ್ತರಾಧಿಕಾರ ತೆರಿಗೆ ಕಟ್ಟುವುದು ಈ ಬೆಲೆಯ ಮೇಲೆ, ವೈನ್ ಮಾರಿ ಬಂದ ಆದಾಯದ ಮೇಲಲ್ಲ. ಅಣ್ಣತಮ್ಮಂದಿರಲ್ಲಿ ಒಬ್ಬನಿಗೆ ಬೇಸಾಯ ಬೇಡವಾದರೆ ಅವನ ಪಾಲು ಕೊಳ್ಳಲು ಉಳಿದವರಿಗೆ ಶಕ್ತಿಯಿಲ್ಲ. ಆಗ ಕೊಳ್ಳಲು ಬರುವವರು ಕುಬೇರರು. 1141ರಲ್ಲಿ ಸಂನ್ಯಾಸಿನಿಯರ ಕೈಗೆ ಬಂದ ಕ್ಲೊ ದ ತಾರ್ ತೋಟ ಎಂಟುನೂರಕ್ಕೂ ಹೆಚ್ಚು ವರ್ಷಗಳಲ್ಲಿ ಮೂರೇ ಒಡೆತನ ಕಂಡಿತ್ತು. 2017ರಲ್ಲಿ ಅದನ್ನು ಕೊಂಡ ನಾಲ್ಕನೆಯವರು ಐಷಾರಾಮಿ ವಸ್ತುಗಳ ಉದ್ಯಮಿ ಫ್ರಾಂಸ್ವಾ ಪಿನೋ ಅವರ ಸಂಸ್ಥೆ.

ಇನ್ನೊಂದು, ನಿಜವಾದ ಬಿಸಿಲು. ಪಿನೋ ನ್ವಾರ್ ತಂಪು ಸೀಮೆಯ ಬಳ್ಳಿ, ನಿಧಾನವಾಗಿ ಮಾಗಿದರೇ ಅದಕ್ಕೆ ಸೊಗಸು. ಬಿಸಿಲು ಹೆಚ್ಚಾದರೆ ಹಣ್ಣಿನ ಸಕ್ಕರೆ ಏರುತ್ತದೆ, ಹುಳಿ ಇಳಿಯುತ್ತದೆ, ವೈನಿನ ಮದ್ಯಾಂಶ ಹೆಚ್ಚುತ್ತದೆ. ಚಿಗುರೂ ಬೇಗ ಒಡೆಯುವುದರಿಂದ ವಸಂತದ ಮಂಜಿಗೆ ಸಿಕ್ಕಿ ಸುಟ್ಟುಹೋಗುತ್ತದೆ. 2021ರ ಏಪ್ರಿಲ್ ರಾತ್ರಿಗಳಲ್ಲಿ ರೈತರು ಸಾಲುಗಳ ನಡುವೆ ಸಾವಿರಾರು ಮೇಣದ ದೀಪ ಹಚ್ಚಿ ಚಿಗುರಿಗೆ ಶಾಖ ಕೊಡಲು ಹೆಣಗಿದರು. ಆದರೂ ಫಸಲಿನ ದೊಡ್ಡ ಪಾಲು ಹೋಯಿತು. ಹಿಂದೆ ಚಳಿ ಹೆಚ್ಚೆಂದು ಯಾರೂ ಲೆಕ್ಕಕ್ಕಿಡದಿದ್ದ ಗುಡ್ಡದ ಮೇಲಿನ ತೋಟಗಳು ಈಗ ಒಳ್ಳೆಯ ವೈನ್ ಕೊಡುತ್ತಿವೆ. ನಡುಪಟ್ಟಿಯೇ ಶ್ರೇಷ್ಠ ಎಂದು ಸಂನ್ಯಾಸಿಗಳು ಕಂಡುಕೊಂಡದ್ದು ಅವರ ಕಾಲದ ಹವೆಯಲ್ಲಿ. ಕಾನೂನು ಗೆರೆ ಎಳೆದದ್ದು ಆ ನಕ್ಷೆಯ ಮೇಲೆಯೇ. ಹವೆ ಮೇಲಕ್ಕೆ ಹತ್ತಿದರೆ ಗೆರೆ ಹತ್ತಲಾರದು.

ಈ ಬದಲಾವಣೆಯ ಲೆಕ್ಕ ಸಿಕ್ಕಿರುವುದೂ ಬೋನ್ ಪಟ್ಟಣದಲ್ಲೇ. ದ್ರಾಕ್ಷಿ ಕೊಯ್ಲು ಯಾವ ದಿನ ಶುರುವಾಯಿತೆಂದು ತಿಳಿಯಲು ಸಂಶೋಧಕರು ಅಲ್ಲಿನ ನೋತ್ರ್ ದಾಮ್ ಚರ್ಚ್ ಕೊಯ್ಲಿನ ಆಳುಗಳಿಗೆ ಕೊಟ್ಟ ಕೂಲಿಯ ಲೆಕ್ಕ, ಪುರಸಭೆಯ ನಡಾವಳಿ, ಹಳೆಯ ಪತ್ರಿಕೆಗಳನ್ನು ಜಾಲಾಡಿದರು. 1354ರಿಂದ 2018ರವರೆಗಿನ ದಿನಾಂಕಗಳು 2019ರಲ್ಲಿ ಪ್ರಕಟವಾದವು. ಆರು ಶತಮಾನಗಳಿಗೂ ಹೆಚ್ಚು ಕಾಲ, 1987ರವರೆಗೆ, ಕೊಯ್ಲು ಸರಾಸರಿ ಸೆಪ್ಟೆಂಬರ್ 28ರ ಹೊತ್ತಿಗೆ ಶುರುವಾಗುತ್ತಿತ್ತು. 1988ರಿಂದೀಚೆಗೆ ಅದು ಸರಾಸರಿ 13 ದಿನ ಮುಂಚೆ ಬಂದಿದೆ. 2003ರ ಬಿಸಿಗಾಳಿಯ ವರ್ಷದಲ್ಲಂತೂ ಆಗಸ್ಟಿನಲ್ಲೇ ಕತ್ತರಿ ಹಿಡಿದು ತೋಟಕ್ಕಿಳಿಯಬೇಕಾಯಿತು. ಬೇಸಿಗೆ ರಜೆಗೆಂದು ಊರು ಬಿಟ್ಟು ಹೋಗುವ ಆ ತಿಂಗಳಿನಲ್ಲಿ ಕೊಯ್ಲಿಗೆ ಆಳುಗಳನ್ನು ಹೊಂದಿಸುವುದೇ ತೋಟದವರಿಗೆ ಹೊಸ ತಲೆನೋವು.