ರಂಗನತಿಟ್ಟಿನಲ್ಲಿ ಹಕ್ಕಿ ಫೋಟೊ ತೆಗೆಯೋದು ಹೀಗೆ

ಹಕ್ಕಿ ಫೋಟೊಗೆಂದು ರಂಗನತಿಟ್ಟಿಗೆ ಹೊರಟಿದ್ದೀರಾ? ಇಷ್ಟು ನೆನಪಿಡಿ.

ಬೆಳಗ್ಗೆ ಬೇಗ ದೋಣಿ ಹತ್ತಿ. ಬಿಸಿಲೇರಿದರೆ ಬಿಳಿ ಗರಿಗಳ ವಿವರ ಫೋಟೊದಲ್ಲಿ ಉಳಿಯಲ್ಲ. ಆಗ ಎಕ್ಸ್‌ಪೋಶರ್ ಸ್ವಲ್ಪ ಇಳಿಸಿ.

ದೋಣಿ ಅಲುಗಾಡುತ್ತೆ. ಮೊಣಕೈಯನ್ನು ಪಕ್ಕೆಗೆ ಒತ್ತಿಕೊಳ್ಳಿ. ಹಾರುವ ಹಕ್ಕಿಗೆ ಶಟರ್ ವೇಗ 1/2000 ಸೆಕೆಂಡ್ ಇಡಿ. ಫೋಕಸ್ ಹಕ್ಕಿಯ ಕಣ್ಣಿನ ಮೇಲಿರಲಿ.

ಈಗ ಗೂಡಿನ ಕಡೆ ನೋಡಿ. ಬಣ್ಣದ ಕೊಕ್ಕರೆ ರೆಕ್ಕೆ ಬಿಚ್ಚಿ ನಿಂತಿದೆ ಅಲ್ವಾ? ಬಿಸಿಲಲ್ಲಿ ಮರಿಗಳಿಗೆ ಅದೇ ನೆರಳು. ನಮ್ಮ ಗಲಾಟೆಗೆ ಅದು ಹಾರಿಹೋದರೆ ಮರಿಗಳು ಬಿಸಿಲಿಗೆ ಬಾಡುತ್ತವೆ, ಕಾಗೆ, ಹದ್ದುಗಳ ಬಾಯಿಗೂ ಬೀಳಬಹುದು.

ಅದಕ್ಕೇ ಚಪ್ಪಾಳೆ ತಟ್ಟಿ ಹಕ್ಕಿ ಹಾರಿಸಬೇಡಿ. ‘ಇನ್ನೂ ಹತ್ತಿರ ಹೋಗಣ್ಣ’ ಅಂತ ದೋಣಿಯವರನ್ನು ಒತ್ತಾಯಿಸಬೇಡಿ. ಹಕ್ಕಿ ಕತ್ತೆತ್ತಿ ನಿಮ್ಮನ್ನೇ ದಿಟ್ಟಿಸಿದರೆ, ಹಿಂದೆ ಸರಿಯಿರಿ. ಗೂಡಿನ ನೆಮ್ಮದಿಗಿಂತ ಯಾವ ಫೋಟೊವೂ ದೊಡ್ಡದಲ್ಲ.