ಎಲೆಕ್ಟ್ರಿಕ್ ಗಿಟಾರ್ ಕೊಳ್ಳೋದಂದ್ರೆ ಹುಡುಗಾಟವೇ?

ನಮ್ಮ ಸಿನಿಮಾ ನಾಯಕರನ್ನು ಸ್ವಲ್ಪ ಗಮನಿಸಿ ನೋಡಿ. ಕೊರಳಿಗೆ ಥಳಥಳಿಸುವ ಎಲೆಕ್ಟ್ರಿಕ್ ಗಿಟಾರ್ ನೇತುಹಾಕಿಕೊಂಡು ಗುಡ್ಡ ಹತ್ತುತ್ತಾರೆ, ಹೂದೋಟದಲ್ಲಿ ಓಡುತ್ತಾರೆ, ನಾಯಕಿಯ ಸುತ್ತ ಮೂರು ಪ್ರದಕ್ಷಿಣೆ ಹಾಕುತ್ತಾರೆ. ಆದರೆ ಗಿಟಾರಿಗೆ ವೈರೇ ಇರೋದಿಲ್ಲ! ಆಂಪ್ಲಿಫೈಯರಂತೂ ಮೈಲಿ ದೂರದಲ್ಲೂ ಕಾಣದು!

ಹಾಗಾದರೆ ನಮ್ಮನ್ನು ಕುಣಿಸಿದ ಆ ನಾದ ಯಾರದು? ತೆರೆಯ ಹಿಂದೆ ಕೂತವರದು ಸ್ವಾಮಿ. 1971ರ ‘ಹರೇ ರಾಮ ಹರೇ ಕೃಷ್ಣ’ದಲ್ಲಿ ಜೀನತ್ ಅಮಾನ್ ಹೊಗೆ ಬಿಡುತ್ತಾ ಮೈಮರೆಯುವ ಆ ಹಾಡಿದೆಯಲ್ಲ, ಅದರ ಗಿಟಾರ್ ನುಡಿಸಿದವರು ಮುಂದೆ ಗಜಲ್ ಗಾಯಕರಾಗಿ ಹೆಸರಾದ ಭೂಪಿಂದರ್ ಸಿಂಗ್. 1981ರ ನಮ್ಮ ‘ಗೀತಾ’ದಲ್ಲಿ ಚಪ್ಪಾಳೆ ಶಂಕರ್‌ನಾಗ್‌ಗೆ ಬಿತ್ತು. ಸಂಗೀತ ಕೊಟ್ಟ ಇಳಯರಾಜಾ ಅದಕ್ಕೂ ಮುಂಚೆ ನಮ್ಮ ಜಿ.ಕೆ. ವೆಂಕಟೇಶ್ ಅವರಿಗೆ ಸಹಾಯಕರಾಗಿದ್ದವರು, ಸಲೀಲ್ ಚೌಧರಿಯವರ ಬಳಿ ಗಿಟಾರ್ ನುಡಿಸಿದವರು. ತೆರೆಯ ಮೇಲಿನ ಗಿಟಾರ್ ಕಣ್ಣಿಗೆ, ತೆರೆಯ ಹಿಂದಿನದು ಕಿವಿಗೆ. ಕೊಳ್ಳಲು ಹೊರಟವನಿಗೆ ಈ ಒಂದು ಮಾತು ನೆನಪಿದ್ದರೆ ಅರ್ಧ ದುಡ್ಡು ಉಳಿದಂತೆ!

ಅಮ್ಮ ಕೇಳಿದ ಪ್ರಶ್ನೆ

ನಾನು ಸಕಲೇಶಪುರದ ಪಕ್ಕದ ಆನೇಮಹಲ್‌ನವನು. ಪಿ.ಯು.ಸಿ. ಅರ್ಧಕ್ಕೆ ಬಿಟ್ಟು ಪತ್ರಿಕೆಗಳಿಗೆ ಬರೆದು ಬದುಕುವವನು. ಮಾಮೂಲಿ ಮರದ ಗಿಟಾರಿನಲ್ಲಿ ಆರು ವರ್ಷ ಬೆರಳು ಸವೆಸಿದ ಮೇಲೆ ಎಲೆಕ್ಟ್ರಿಕ್ ಗಿಟಾರಿನ ಹುಚ್ಚು ಹತ್ತಿತು. ಲೇಖನದ ಸಂಭಾವನೆಯಲ್ಲಿ ಎರಡು ವರ್ಷ ಉಳಿಸಿದ್ದು 15,000 ರೂಪಾಯಿ. ವಿಷಯ ಕೇಳಿದ ಅಮ್ಮ ಅಂದದ್ದು ಇಷ್ಟೇ: “ಅಲ್ಲ ಮಗಾ, ಅಷ್ಟು ದುಡ್ಡಿಗೆ ತೋಟಕ್ಕೆ ಗೊಬ್ಬರ ಬರ್ತಿತ್ತು. ಮಳೆಗಾಲದಲ್ಲಿ ಕರೆಂಟ್ ಹೋದ್ರೆ ಅದೇನು ಮಾಡುತ್ತೆ?”

ತಮಾಷೆಯ ಪ್ರಶ್ನೆಯಲ್ಲ ಇದು. ಮಾಮೂಲಿ ಗಿಟಾರಿನ ಹೊಟ್ಟೆ ಪೊಳ್ಳು, ತಂತಿಯ ಸದ್ದನ್ನು ಅದೇ ದೊಡ್ಡದು ಮಾಡುತ್ತದೆ. ಎಲೆಕ್ಟ್ರಿಕ್ ಗಿಟಾರಿನ ಮೈ ಸಾಮಾನ್ಯವಾಗಿ ಗಟ್ಟಿ ಹಲಗೆ. ಉಕ್ಕಿನ ತಂತಿಯ ಕೆಳಗೆ ಅಯಸ್ಕಾಂತ, ಅದರ ಸುತ್ತ ಕೂದಲಿನಂಥ ತಾಮ್ರದ ತಂತಿ ಸಾವಿರಾರು ಸುತ್ತು. ಇದಕ್ಕೆ ಪಿಕಪ್ ಅಂತಾರೆ. ಮೇಲೆ ತಂತಿ ನಡುಗಿದರೆ ಕೆಳಗೆ ಸಣ್ಣಗೆ ವಿದ್ಯುತ್ ಹುಟ್ಟುತ್ತದೆ. ಅದನ್ನು ಹಿಗ್ಗಿಸಿ ಸ್ಪೀಕರಿಗೆ ಕಳಿಸೋದು ಆಂಪ್ಲಿಫೈಯರ್. 1930ರ ದಶಕದ ಆರಂಭದಲ್ಲಿ ಅಮೆರಿಕದ ರಿಕನ್‌ಬ್ಯಾಕರ್ ಕಂಪನಿ ಹೊರತಂದ ಗಿಟಾರಿಗೆ ಜನ ‘ಬಾಣಲೆ’ ಅಂತಲೇ ಅಡ್ಡಹೆಸರಿಟ್ಟಿದ್ದರು, ರೂಪ ಹಾಗಿತ್ತು! ಇಂದಿಗೂ ಜಗತ್ತೆಲ್ಲ ನಕಲು ಹೊಡೆಯುವ ಫೆಂಡರ್ ಸ್ಟ್ರಾಟೊಕ್ಯಾಸ್ಟರ್ ಬಂದದ್ದು 1954ರಲ್ಲಿ. ಆದರೆ ತತ್ತ್ವ ಮಾತ್ರ ಅದೇ.

ಅಂದಮೇಲೆ ಅರ್ಧ ವಾದ್ಯ ಕೈಯಲ್ಲಿ, ಇನ್ನರ್ಧ ಆಂಪ್ಲಿಫೈಯರಿನಲ್ಲಿ. ದುಡ್ಡನ್ನೆಲ್ಲ ಗಿಟಾರಿಗೇ ಸುರಿದವನ ಕೈಯಲ್ಲಿ ಉಳಿಯೋದು ಬಣ್ಣದ ಹಲಗೆ ಮಾತ್ರ.

ಕೆಂಪು ಸುಂದರಿಯ ಕಥೆ

ಬೆಂಗಳೂರಿನ ಒಂದು ಅಂಗಡಿಗೆ ಹೋದೆ. ಕೆಂಪಗೆ ಮಿರಮಿರ ಮಿಂಚುವ ಗಿಟಾರೊಂದನ್ನು ಕೈಗಿತ್ತರು. “ಹೀರೋ ಥರ ಕಾಣ್ತೀರ ಸಾರ್!” ಅನ್ನುವ ಉಪಚಾರ ಬೇರೆ. ಕನ್ನಡಿಯಲ್ಲಿ ಚೆನ್ನಾಗಿಯೇ ಕಂಡೆ ಅನ್ನಿ! ಆದರೆ ನಮ್ಮೂರು 220 ಕಿಲೋಮೀಟರ್ ದೂರ. ಮನೆಗೆ ಹೋದಮೇಲೆ ಸರಿಯಿಲ್ಲ ಅಂತ ವಾಪಸು ಬರೋದು ಸುಲಭವೇ? ಪರೀಕ್ಷೆಗೆ ಕೂತೇಬಿಟ್ಟೆ.

ಓದುಗ ಮಿತ್ರರೇ, ಈ ಪರೀಕ್ಷೆ ನೀವೂ ಮಾಡಿ. ತಂತಿಯನ್ನು ಸುಮ್ಮನೆ ಮೀಟಿ, ಆಮೇಲೆ ಹನ್ನೆರಡನೇ ಮನೆಯಲ್ಲಿ ಒತ್ತಿ ಮೀಟಿ. ಅದೇ ಸ್ವರ ತಾರಸ್ಥಾಯಿಯಲ್ಲಿ ಬರಬೇಕು. ಆರೂ ತಂತಿಯನ್ನು ಮನೆಮನೆಗೂ ಒತ್ತಿ ನೋಡಿ, ಎಲ್ಲೂ ಝರ್ರೆನ್ನಬಾರದು. ಕುತ್ತಿಗೆಯನ್ನು ಕಣ್ಣಿನ ಮಟ್ಟಕ್ಕೆ ಹಿಡಿದು, ತಿರುಚಿದೆಯೇ ನೋಡಿ. ಗುಂಡಿಗಳನ್ನು ತಿರುಗಿಸಿ, ವೈರನ್ನು ಅಲುಗಿಸಿ. ಕರಕರ ಸದ್ದು ಬಂದರೆ ಒಳಗೆ ಸಂಪರ್ಕ ಸಡಿಲ ಅಂತ ಅರ್ಥ.

ಕೆಂಪು ಸುಂದರಿ ಹನ್ನೆರಡನೇ ಮನೆಯಲ್ಲೇ ಅಪಸ್ವರ ಹಾಡಿದಳು. ಕೈಮುಗಿದು ಹೊರಬಂದೆ.

ಕೊನೆಗೆ ಸಿಕ್ಕಿದ್ದು ಹಾಸನದಲ್ಲಿ. ಆರ್ಕೆಸ್ಟ್ರಾದಿಂದ ನಿವೃತ್ತರಾದ ಹಿರಿಯರೊಬ್ಬರ ಹಳೇ ಗಿಟಾರ್. ಬಣ್ಣ ಕಿತ್ತಿತ್ತು, ಸ್ವರ ಕಿತ್ತಿರಲಿಲ್ಲ. 8,500 ರೂಪಾಯಿಗೆ ಮಾತಾಯಿತು. 4,800ಕ್ಕೆ ಬ್ಯಾಟರಿಯಲ್ಲೂ ನಡೆಯುವ ಪುಟ್ಟ ಆಂಪ್ಲಿಫೈಯರ್ ಕೊಂಡೆ. ಅಮ್ಮನ ಪ್ರಶ್ನೆಗೆ ಉತ್ತರವೂ ಆಯಿತು! ಮಿಕ್ಕ 1,700 ವೈರು, ಪಟ್ಟಿ, ಚೀಲ, ಎರಡು ಜೊತೆ ತಂತಿಗೆ. ಶ್ರುತಿ ಕೂಡಿಸಲು ಮೊಬೈಲ್ ಸಾಕು.

ಮೂರನೇ ಪಿನ್ನಿನ ಮಹಿಮೆ

ಗಿಟಾರ್ ಕೊಡುವಾಗ ಆ ಹಿರಿಯರು ಒಂದು ಮಾತು ಹೇಳಿದರು: “ತಮ್ಮಾ, ಪೆಂಡಾಲಿನಲ್ಲಿ ನುಡಿಸೋಕೆ ಮುಂಚೆ ಅರ್ಥಿಂಗ್ ಇದೆಯಾ ಅಂತ ಕೇಳು. ನಾಚಿಕೋಬೇಡ.” ಇದು ಜೀವದ ಮಾತು. 1972ರ ಮೇ ತಿಂಗಳಲ್ಲಿ ಬ್ರಿಟನ್ನಿನ ಸ್ವಾನ್ಸಿಯಲ್ಲಿ ಲೆಸ್ ಹಾರ್ವೆ ಎಂಬ ಗಿಟಾರ್ ವಾದಕ ವೇದಿಕೆಯ ಮೇಲೇ ಶಾಕ್ ಹೊಡೆದು ಸತ್ತ. ಅರ್ಥಿಂಗ್ ಇಲ್ಲದ ಮೈಕನ್ನು ಮುಟ್ಟಿದ್ದೇ ಕಾರಣ. ಬೆರಳಿಡೋದು ಲೋಹದ ತಂತಿಯ ಮೇಲೆ, ನಿಲ್ಲೋದು ಒದ್ದೆ ನೆಲದ ಮೇಲೆ. ನಮ್ಮ ಗಣೇಶೋತ್ಸವ ಬರೋದೇ ಮಳೆಯಲ್ಲಿ! ಮೂರನೇ ಪಿನ್ನು ಮುರಿದ ಪ್ಲಗ್ಗಿಗೆ ದೂರದಿಂದಲೇ ನಮಸ್ಕಾರ ಹಾಕಿ.

ಮನೆಯಲ್ಲೂ ಮಳೆಗಾಲದ ಕಾಟ ತಪ್ಪಿದ್ದಲ್ಲ. ಜೂನ್ ಬಂತೆಂದರೆ ಮಲೆನಾಡಿನಲ್ಲಿ ತಂತಿಗೆ ತುಕ್ಕು. ನುಡಿಸಿದ ಮೇಲೆ ಒಣಬಟ್ಟೆಯಲ್ಲಿ ಒರೆಸಿ, ಚೀಲದಲ್ಲಿ ತೇವ ಹೀರುವ ಪೊಟ್ಟಣ ಇಡಿ, ಹೊರಗೋಡೆಗೆ ಮಾತ್ರ ನೇತುಹಾಕಬೇಡಿ.

ವಿದೇಶಿ ವಾದ್ಯವೇ?

ಮನೆಗೆ ತಂದ ದಿನ ಅಮ್ಮ ಕುತ್ತಿಗೆಯ ಮೇಲಿನ ಕಪ್ಪುಗಂದು ಪಟ್ಟಿಯನ್ನು ಸವರಿ, “ಇದು ನಮ್ಮ ಬೀಟೆ ಅಲ್ವೇನೋ?” ಅಂದರು. ಹೌದು! ಬೆರಳೊತ್ತುವ ಆ ಪಟ್ಟಿಗೆ ದೊಡ್ಡ ದೊಡ್ಡ ಕಂಪನಿಗಳೂ ಬಳಸುತ್ತಾ ಬಂದದ್ದು ಭಾರತದ ಬೀಟೆಯನ್ನು, ನಮ್ಮ ಪಶ್ಚಿಮಘಟ್ಟದಲ್ಲಿ ಬೆಳೆಯುವ ಮರವನ್ನು. 2017ರ ಜನವರಿಯಿಂದ ಬೀಟೆಯ ವಿದೇಶಿ ವ್ಯಾಪಾರಕ್ಕೆ ಪರವಾನಗಿ ಕಡ್ಡಾಯವಾಗಿ ವಾದ್ಯದವರು ಪರದಾಡಿದರು. 2019ರ ನವೆಂಬರಿನಿಂದ ಸಿದ್ಧ ವಾದ್ಯಗಳಿಗೆ ವಿನಾಯಿತಿ ಸಿಕ್ಕಿತು. ನಮ್ಮ ತೋಟದ ಬೀಟೆಯನ್ನು ಕಡಿಯಲು ಮಾತ್ರ ಇಂದಿಗೂ ಅರಣ್ಯ ಇಲಾಖೆಯ ಅಪ್ಪಣೆ ಬೇಕು.

ಅಲ್ಲಿಂದೀಚೆಗೆ ಗೊಬ್ಬರದ ಮಾತು ಎದ್ದಿಲ್ಲ. “ಸ್ವಲ್ಪ ಮೆತ್ತಗೆ ನುಡಿಸು, ದನ ಬೆದರ್ತವೆ” ಅನ್ನೋದಷ್ಟೇ ಈಗಿನ ತಕರಾರು!